ಪುಕ್ಕದ ಗಾಳಕ್ಕೆ ಹದಿನೆಂಟು ನಿಯಮಗಳು

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಊರವರ ಜಗಳದಲ್ಲಿ ಪಂಚಾತಿಕೆ ಮಾಡುವ ಚಟ. ನನಗಿರುವುದು ನಿಯಮ ಬರೆಯುವ ಚಟ. ಪುತ್ತೂರಿನಲ್ಲಿ ಹೈಸ್ಕೂಲು ಟೀಚರಾಗಿದ್ದ ಅಷ್ಟೂ ವರ್ಷ ರಂಗೋಲಿ ಸ್ಪರ್ಧೆ, ಭಕ್ತಿಗೀತೆ ಸ್ಪರ್ಧೆ, ಮುದ್ದುಕೃಷ್ಣ ವೇಷ ಎಲ್ಲದರ ನಿಯಮಾವಳಿಯೂ ನನ್ನ ಕೈಯಿಂದಲೇ ಹೊರಬರುತ್ತಿತ್ತು. ‘ತರತಕ್ಕದ್ದು’, ‘ಮಾಡತಕ್ಕದ್ದಲ್ಲ’ ಎಂದು ಬರೆಯುವಾಗ ನನಗೆ ಸಿಗುವ ಸುಖ ಪಾಯಸ ಉಣ್ಣುವಾಗಲೂ ಸಿಕ್ಕಿದ್ದಿಲ್ಲ. ಒಂದು ವರ್ಷ ಮುದ್ದುಕೃಷ್ಣ ಸ್ಪರ್ಧೆಗೆ ‘ಸ್ಪರ್ಧಿಗಳು ವೇದಿಕೆಯ ಮೇಲೆ ಅಳತಕ್ಕದ್ದಲ್ಲ’ ಎಂದು ಬರೆದುಬಿಟ್ಟಿದ್ದೆ. ಎರಡು ವರ್ಷದ ಕೃಷ್ಣಂದಿರು ಮೈಕು ಕಂಡದ್ದೇ ಒಬ್ಬೊಬ್ಬರಾಗಿ ರಾಗ ತೆಗೆದರು, ಎಲ್ಲರೂ ಅನರ್ಹರಾದರು, ಬೆಳ್ಳಿಯ ಕೊಳಲು ಬಹುಮಾನ ಶಾಲೆಯ ಕಪಾಟಿನಲ್ಲೇ ಉಳಿಯಿತು. ತಾಯಂದಿರು ಇವತ್ತಿಗೂ ಪೇಟೆಯಲ್ಲಿ ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ. ಆದರೂ ನಿಯಮ ತಪ್ಪಲ್ಲ ಎಂದು ನಾನು ವಾದಿಸುತ್ತಲೇ ಬಂದಿದ್ದೇನೆ.

ನಿವೃತ್ತಿಯ ನಂತರ ಬರೆಯಲು ಏನೂ ಇಲ್ಲದೆ ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ನಿಯಮ ಅಂಟಿಸಲು ಶುರುಮಾಡಿದ್ದೆ. ನಮ್ಮ ಮನೆಯವರು ಅದನ್ನು ಓದಿ, ಕನ್ನಡಕ ಸರಿಮಾಡಿಕೊಂಡು, ಉಲ್ಲಂಘಿಸಿ ಹೋಗುತ್ತಿದ್ದರು. ಇಂಥ ಬರಗಾಲದಲ್ಲಿ ಹಮೀದ್ ಬಂದ. ಇವನು ನನ್ನ ಹಳೆಯ ವಿದ್ಯಾರ್ಥಿ, ಒಂಬತ್ತನೆಯ ತರಗತಿಯಲ್ಲಿ ಕನ್ನಡದಲ್ಲಿ ಮೂವತ್ತನಾಲ್ಕು ತೆಗೆದು ಒಂದೇ ಒಂದು ಅಂಕದಲ್ಲಿ ಫೇಲಾದವನು. ಅಂಕ ಕೊಟ್ಟವಳು ನಾನೇ. ಆಮೇಲೆ ಗಲ್ಫಿಗೆ ಹೋಗಿ ಹತ್ತು ವರ್ಷ ದುಡಿದು, ಈಗ ಪುತ್ತೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ.

“ಟೀಚರ್, ಒಂದು ಉಪಕಾರ ಆಗ್ಬೇಕಿತ್ತು. ಮೀನು ಹಿಡಿಯುವ ಸ್ಪರ್ಧೆ ಮಾಡುದು ಅಂತ ಉಂಟು. ನಿಯಮ ನೀವೇ ಬರೆದು ಕೊಡ್ಬೇಕು.”

“ಎಂತ ಮಾರಾಯ, ನಾನು ಮೀನನ್ನು ಮುಟ್ಟಿದವಳೂ ಅಲ್ಲ.”

“ಮುಟ್ಟುದು ಬೇಡ ಟೀಚರ್, ಬರೆದರೆ ಸಾಕು. ಹಿಡಿಯುದು, ಅಳೆಯುದು, ಬಿಡುದು. ತಿನ್ಲಿಕ್ಕೆ ಇಲ್ಲ.”

ಹಿಡಿದು ಬಿಡುವುದಾದರೆ ಹಿಡಿಯುವುದು ಯಾಕೆ ಎಂದು ನಾನು ಕೇಳಿದೆ. ಮುಂದೆ ಅನುಮತಿಗೆ ಹೋದಲ್ಲೆಲ್ಲ ಇದೇ ಪ್ರಶ್ನೆ ಬಂತು. ಒಬ್ಬ ಅಧಿಕಾರಿಯಂತೂ ಅರ್ಜಿಯನ್ನು ಮೂರು ಸಲ ಓದಿ, “ನಿಮಗೆ ಮನೆಯಲ್ಲಿ ಏನಾದರೂ ತೊಂದರೆ ಉಂಟಾ?” ಎಂದು ಕೇಳಿದರಂತೆ. ಹಮೀದನ ಉತ್ತರ ಒಂದೇ: “ಮೀನಿಗೆ ಮೋಸ ಮಾಡ್ಲಿಕ್ಕೆ ಆಗ್ತದಾ ಅಂತ ನೋಡುದು, ಅಷ್ಟೆ.” ಗಲ್ಫಿನಲ್ಲಿ ಅವನ ಮ್ಯಾನೇಜರು ಐರ್ಲೆಂಡಿನವನಂತೆ. ಸುತ್ತ ಮರಳು, ಆ ಮನುಷ್ಯ ಊರಿನ ಹೊಳೆ ನೆನೆದುಕೊಂಡು ಸಂಜೆ ಕೂತು ಕೊಕ್ಕೆಗೆ ಹಕ್ಕಿಯ ಪುಕ್ಕ, ನೂಲು ಸುತ್ತಿ ನೊಣದಂಥದ್ದನ್ನು ಮಾಡುತ್ತಿದ್ದ. ಹುಳ ಇಲ್ಲ, ಹಿಟ್ಟು ಇಲ್ಲ, ಬರಿಯ ಪುಕ್ಕ. ನೀರಿನ ಮೇಲೆ ಅದು ನೊಣದ ಹಾಗೆ ಕೂರಬೇಕು, ಮೀನು ನಂಬಬೇಕು. ಹಮೀದ್ ಆ ವಿದ್ಯೆ ಕಲಿತದ್ದು ಕಾರು ನಿಲ್ಲಿಸುವ ಜಾಗದಲ್ಲಿ, ನೀರೇ ಇಲ್ಲದ ಕಡೆ. ಊರಿಗೆ ಬಂದು ಎರಡು ವರ್ಷದಿಂದ ಪ್ರತಿ ಭಾನುವಾರ ಹೊಳೆಯಲ್ಲಿ ನಿಂತು ದಾರ ಬೀಸಿದ್ದಾನೆ, ಒಂದು ಮೀನೂ ಸಿಕ್ಕಿಲ್ಲ. ಊರವರು ಅವನಿಗೆ ‘ಹೊಳೆಗೆ ಗಾಳಿ ಹಾಕುವ ಹಮೀದ್’ ಎಂದು ಹೆಸರಿಟ್ಟಿದ್ದರು.

ಹಾಗೆ ಹೆಸರಿಟ್ಟವರಲ್ಲಿ ಮೊದಲಿಗರು ಆಲೆಟ್ಟಿಯ ಎಲ್ಯಣ್ಣ ಗೌಡರು. ಎಪ್ಪತ್ತು ದಾಟಿದ ಈ ಹಿರಿಯರು ನೀರು ನೋಡಿಯೇ ಒಳಗೆ ಯಾವ ಮೀನಿದೆ ಎಂದು ಹೇಳಬಲ್ಲವರು. ಅವರ ಗಾಳದ ಕೋಲು ಅವರ ತಂದೆ ಕಡಿದು ತಂದ ಬಿದಿರಿನದು, ಒಲೆಯ ಮೇಲಿನ ಹೊಗೆಗೆ ಕಪ್ಪಾಗಿ ಕಬ್ಬಿಣದಂತಾದದ್ದು. ಒಂದು ಮದುವೆ ಊಟದ ಪಂಕ್ತಿಯಲ್ಲಿ ಎಲ್ಲರೆದುರು ಅವರು, “ಆ ಪುಕ್ಕಕ್ಕೆ ಒಂದು ಮೀನು ಸಿಕ್ಕಿದರೆ ನನ್ನ ಕೋಲು ಮುರಿದು ಒಲೆಗೆ ಹಾಕ್ತೇನೆ!” ಎಂದುಬಿಟ್ಟಿದ್ದರು. ಹಮೀದ್ ಸ್ಪರ್ಧೆ ಇಟ್ಟದ್ದು ಅದಕ್ಕೇ. ಬಹುಮಾನದ ಆಸೆ ಅವನಿಗಿರಲಿಲ್ಲ. ಹತ್ತು ಜನರೆದುರು ಒಂದೇ ಒಂದು ಮೀನು ಪುಕ್ಕಕ್ಕೆ ಬಾಯಿ ಹಾಕಬೇಕು, ಅಷ್ಟೇ.

ನಾನು ಒಪ್ಪಿದೆ. ಒಪ್ಪಿದ ಮೇಲೆ ನಮ್ಮ ಮನೆಯ ಕತೆ ಏನೆಂದು ಹೇಳಲಿ! ನಿಯಮ ಬರೆಯಬೇಕಾದರೆ ವಿಷಯ ತಿಳಿಯಬೇಡವೇ? ಹಮೀದ್ ನಮ್ಮ ಊಟದ ಮೇಜಿನಲ್ಲಿ ಕೂತು ಪುಕ್ಕ ಕಟ್ಟಿ ತೋರಿಸಿದ. ಈರುಳ್ಳಿಯನ್ನೂ ಸಂಶಯದಿಂದ ನೋಡುವ ನಮ್ಮ ಮನೆಯಲ್ಲಿ ಕೋಳಿಯ ಗರಿಗಳು ಫ್ಯಾನಿನ ಗಾಳಿಗೆ ಹಾರಿ ದೇವರ ಕೋಣೆಯವರೆಗೆ ಹೋದವು. ನೆರೆಮನೆಯ ಹುಂಜ ಬಾಲ ತೆಳ್ಳಗಾಗಿ ನಮ್ಮ ಬೇಲಿಯ ಕಡೆ ಬರುವುದನ್ನೇ ಬಿಟ್ಟಿತು. ನನಗೋ ಎಂಥದೋ ಕುತೂಹಲ ಹತ್ತಿಕೊಂಡಿತು. ಟ್ಯೂಬ್‌ಲೈಟಿನ ಕೆಳಗೆ ಬಿದ್ದ ಹುಳಗಳನ್ನು ಗುಡಿಸುವ ಬದಲು ಭೂತಗನ್ನಡಿ ಹಿಡಿದು ನೋಡತೊಡಗಿದೆ. ಇಷ್ಟು ವರ್ಷ ಪೊರಕೆಯಿಂದ ಮಾತ್ರ ಪರಿಚಯವಿದ್ದ ನೊಣಕ್ಕೆ ಎಂಥ ಚಂದದ ರೆಕ್ಕೆ! ನೀರಿನೊಳಗಿಂದ ತಲೆ ಎತ್ತಿ ನೋಡಿದರೆ ಅದು ಹೇಗೆ ಕಾಣಬಹುದು? ಸ್ನಾನದ ಬಕೆಟ್ಟಿನಲ್ಲಿ ಪುಕ್ಕ ತೇಲಿಸಿ ನಾನು ಬಗ್ಗಿ ನೋಡುತ್ತಿರುವಾಗ ನಮ್ಮ ಮನೆಯವರು ಟವೆಲ್ ಹೆಗಲಿಗೆ ಹಾಕಿ ಬಾಗಿಲಲ್ಲಿ ನಿಂತಿದ್ದರು. “ಮೀನಿಗೆ ಏನನ್ನಿಸ್ತದೋ ಗೊತ್ತಿಲ್ಲ, ನನಗೆ ಮಾತ್ರ ಹೆದರಿಕೆ ಆಗ್ತಾ ಉಂಟು,” ಎಂದರು.

ಮೊದಲ ಕರಡು ರಂಗೋಲಿ ಸ್ಪರ್ಧೆಯ ನಿಯಮಾವಳಿಯ ಮೇಲೆಯೇ ತಿದ್ದಿ ಮಾಡಿದ್ದು. ‘ಸ್ಪರ್ಧೆ ಮುಗಿದ ಮೇಲೆ ಎಲ್ಲವನ್ನೂ ಸಾಲಾಗಿ ಇಟ್ಟು ತೀರ್ಪುಗಾರರು ಪರಿಶೀಲಿಸುವರು’ ಎಂದಿತ್ತು. ಹಮೀದ್ ತಲೆ ಕೆರೆದು, “ಅಷ್ಟರವರೆಗೆ ಮೀನು ಬದುಕ್ತದಾ ಟೀಚರ್?” ಎಂದ. ಹೊಡೆದು ಹಾಕಿದೆ. ಒಂದು ಗೇಣಿಗಿಂತ ಚಿಕ್ಕ ಮೀನು ಲೆಕ್ಕಕ್ಕಿಲ್ಲ ಎಂದರೆ ಯಾರ ಗೇಣು ಎಂಬ ಜಗಳ ಬಂತು, ಎಲ್ಯಣ್ಣ ಗೌಡರ ಗೇಣಿನಲ್ಲಿ ನನ್ನದು ಎರಡು ಕೂರುತ್ತದೆ. ಕೊನೆಗೆ ನಾನು ಶಾಲೆಯಿಂದ ತಂದಿಟ್ಟುಕೊಂಡಿದ್ದ ಕರಿಹಲಗೆಯ ಮರದ ಸ್ಕೇಲನ್ನೇ ಒಂದು ಮಣೆಗೆ ಹೊಡೆದು ಕೊಟ್ಟೆ. ಮಣೆ ಒದ್ದೆ ಇರತಕ್ಕದ್ದು, ಕೈ ಒದ್ದೆ ಇರತಕ್ಕದ್ದು, ಕೊಕ್ಕೆಗೆ ಪುಕ್ಕವಲ್ಲದೆ ಬೇರೇನೂ ಕಟ್ಟತಕ್ಕದ್ದಲ್ಲ, ಅದರ ತುದಿಯಲ್ಲಿ ಹಿಂದಕ್ಕೆ ಚುಚ್ಚುವ ಮುಳ್ಳು ಇರತಕ್ಕದ್ದಲ್ಲ, ಹದಿನೈದು ಸೆಂಟಿಮೀಟರಿಗಿಂತ ಚಿಕ್ಕದು ಲೆಕ್ಕಕ್ಕಿಲ್ಲ, ಉಳಿದದ್ದಕ್ಕೆ ಉದ್ದದ ಸೆಂಟಿಮೀಟರಿಗೆ ಒಂದು ಅಂಕ. ಪ್ರತಿ ಸ್ಪರ್ಧಿಗೂ ಐವತ್ತು ಹೆಜ್ಜೆ ಹೊಳೆ, ಚೀಟಿ ಎತ್ತಿ ಹಂಚುವುದು, ಪ್ರತಿಯೊಬ್ಬರ ಹಿಂದೆಯೂ ಒಬ್ಬ ವೀಕ್ಷಕ. ವೀಕ್ಷಕರು ಸ್ಪರ್ಧಿಯ ಸಂಬಂಧಿಕರಾಗಿರತಕ್ಕದ್ದಲ್ಲ ಎಂದು ಬರೆದೆ. ಬರೆದ ಮೇಲೆ ಗೊತ್ತಾಯಿತು, ನಮ್ಮ ಕಡೆ ಗೌಡರಿಗೆ ಗೌಡರೆಲ್ಲ ನೆಂಟರು, ಬ್ಯಾರಿ ಮುಸ್ಲಿಮರಿಗೆ ಬ್ಯಾರಿಗಳೆಲ್ಲ ನೆಂಟರು. ಹಾಗಾಗಿ ಎಲ್ಯಣ್ಣ ಗೌಡರ ಹಿಂದೆ ಹಮೀದನ ಚಿಕ್ಕಪ್ಪನ ಮಗ, ಹಮೀದನ ಹಿಂದೆ ನಾನು! ಹನ್ನೊಂದನೆಯ ನಿಯಮ ನನ್ನ ಹೆಮ್ಮೆಯದು: ‘ಸ್ಪರ್ಧೆಯ ಅವಧಿಯಲ್ಲಿ ಯಾರೂ, ಯಾವ ಕಾರಣಕ್ಕೂ, ನೀರಿಗೆ ತಿನ್ನುವ ವಸ್ತು ಹಾಕತಕ್ಕದ್ದಲ್ಲ. ಹಾಕಿದಲ್ಲಿ ಆ ಭಾಗದ ಮೀನು ಅಸಿಂಧು.’ ‘ಯಾರೂ’ ಎಂಬುದಕ್ಕೆ ಎರಡು ಸಲ ಅಡಿಗೆರೆ ಎಳೆದಿದ್ದೆ. ಹೀಗೆ ಹದಿನೆಂಟಾಯಿತು.

ಕಡಬದಿಂದ ಜೀಪಿನಲ್ಲಿ ಒಳಗೆ ಹೋದರೆ ಕುಮಾರಧಾರೆ ಹೊಳೆ ಒಂದು ಕಡೆ ನಿಧಾನವಾಗಿ ತಿರುಗುತ್ತದೆ. ಮಳೆ ಮುಗಿದು ನೀರು ತಿಳಿಯಾದ ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ ಸೀಟಿ ಊದಿದ್ದಾಯಿತು. ಎಂಟು ಜನ ಸ್ಪರ್ಧಿಗಳು. ಏಳು ಮಂದಿಗೆ ಹಮೀದನೇ ಪುಕ್ಕ ಕಟ್ಟಿ ಕೊಟ್ಟಿದ್ದ. ಎಲ್ಯಣ್ಣ ಗೌಡರು ತಮ್ಮ ಕಪ್ಪು ಕೋಲಿಗೆ ಅದನ್ನು ಕಟ್ಟಿಕೊಂಡು, “ನಾಚಿಕೆ ಆಗ್ತದೆ ಮಾರಾಯ್ರೆ, ಮೀನು ನೋಡಿದರೆ ಎಂತ ಹೇಳೀತು,” ಎನ್ನುತ್ತ ತಮ್ಮ ಭಾಗಕ್ಕೆ ಹೋದರು.

ಹಮೀದ್ ದಾರ ಬೀಸುವುದನ್ನು ನಾನು ಮೊದಲ ಬಾರಿ ನೋಡಿದ್ದು ಅವತ್ತೇ. ದಾರ ಹಿಂದಕ್ಕೆ ಹೋಗಿ, ಗಾಳಿಯಲ್ಲಿ ಬಳ್ಳಿಯ ಹಾಗೆ ಬಿಚ್ಚಿಕೊಂಡು, ಮುಂದೆ ಹೋಗಿ ಸದ್ದಿಲ್ಲದೆ ಬೀಳುತ್ತಿತ್ತು. ನನ್ನ ತರಗತಿಯಲ್ಲಿ ನಾಲ್ಕು ಸಾಲು ನೆಟ್ಟಗೆ ಬರೆಯದ ಆ ಕೈ ಇಷ್ಟು ಚಂದ ಯಾವಾಗ ಕಲಿಯಿತು ಎಂದು ಆಶ್ಚರ್ಯವಾಯಿತು. ಆದರೆ ಮೀನಿಗೆ ಆ ಚಂದ ತಿಳಿಯಬೇಕಲ್ಲ? ಎಂಟು ಹೋಗಿ ಒಂಬತ್ತಾಯಿತು, ಹತ್ತಾಯಿತು. ಅವನ ಹೆಗಲು ಇಳಿಯುತ್ತ ಬಂತು. ನನಗೆ ಹಸಿವಾಯಿತು. ಬಂಡೆಯ ಮೇಲೆ ಕೂತು ಚೀಲದಿಂದ ಮಂಡಕ್ಕಿಯ ಪೊಟ್ಟಣ ತೆಗೆದೆ.

ಆಗ ಬಂಡೆಯ ಬುಡದಲ್ಲಿ ನೀರೊಳಗೆ ಏನೋ ಬೆಳ್ಳಗೆ ಹೊರಳಿತು. ನಮ್ಮ ಕಡೆ ದೇವಸ್ಥಾನದ ಮೆಟ್ಟಿಲಲ್ಲಿ ನಿಂತು ದೇವರ ಮೀನಿಗೆ ಮಂಡಕ್ಕಿ ಹಾಕದೆ ಬೆಳೆದ ಮಗು ಇಲ್ಲ. ನಾನಂತೂ ನಾಲ್ಕು ವರ್ಷದವಳಿದ್ದಾಗ ಅಜ್ಜಿಯ ಸೆರಗು ಹಿಡಿದು ಹಾಕಲು ಶುರುಮಾಡಿದವಳು. ಮೀನು ಕಂಡಿತು, ಬಾಯಿ ‘ಸ್ವಾಮೀ’ ಎಂದಿತು, ಕೈ ಒಂದು ಹಿಡಿ ಮಂಡಕ್ಕಿಯನ್ನು ನೀರಿಗೆ ಹಾಕಿತು. ಇದರಲ್ಲಿ ತಲೆಯ ಪಾತ್ರ ಏನೂ ಇರಲಿಲ್ಲ. ನೀರು ಒಮ್ಮೆಲೇ ಕುದಿದ ಹಾಗಾಯಿತು. ನೀರು ಹರಿಯುವ ಕಡೆ ಮುಖ ಮಾಡಿ ನಿಂತಿದ್ದ ಹಮೀದ್ ಸದ್ದಿಗೆ ತಿರುಗಿ, ಮೀನು ಎದ್ದದ್ದನ್ನಷ್ಟೇ ಕಂಡು, ಒಂದೇ ಬೀಸಿಗೆ ಪುಕ್ಕವನ್ನು ಅಲ್ಲಿ ಕೂರಿಸಿದ. ಕೋಲು ಬಾಗಿತು.

ಇಪ್ಪತ್ತಮೂರು ಸೆಂಟಿಮೀಟರು. ಒದ್ದೆ ಮಣೆ, ಒದ್ದೆ ಕೈ, ಎಲ್ಲ ನಿಯಮದಂತೆಯೇ ಆಯಿತು. ಮೀನನ್ನು ನೀರಿಗೆ ಬಿಟ್ಟು ಅವನು ನನ್ನ ಕಡೆ ತಿರುಗಿದ. “ಟೀಚರ್, ನೋಡಿದ್ರಾ? ಪುಕ್ಕಕ್ಕೇ ಬಂತಲ್ಲ? ನೀವು ನೋಡಿದ್ರಲ್ಲ?” ಎಂದ, ಕಣ್ಣು ತುಂಬಿತ್ತು. ನೋಡಿದೆ ಎಂದೆ. ಪಟ್ಟಿಯಲ್ಲಿ ಇಪ್ಪತ್ತಮೂರು ಎಂದು ಬರೆದು, ಪೊಟ್ಟಣವನ್ನು ಚೀಲದ ತಳಕ್ಕೆ ತುರುಕಿದೆ. ಅವನ ಆ ಮುಖ ನೋಡಿ ಬಾಯಿ ಬಿಡಲು ನನಗೆ ಧೈರ್ಯ ಬರಲಿಲ್ಲ. ಒಂದು ಹಿಡಿ ಮಂಡಕ್ಕಿಯಿಂದ ಯಾರಿಗೆ ಏನು ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ.

ಹನ್ನೊಂದಕ್ಕೆ ಎಲ್ಲರೂ ಮಾವಿನ ಮರದಡಿ ಸೇರಿದರು. ಏಳು ಮಂದಿಗೆ ಸೊನ್ನೆ, ಹಮೀದನಿಗೆ ಇಪ್ಪತ್ತಮೂರು. ಚಪ್ಪಾಳೆಯೋ ಚಪ್ಪಾಳೆ. ಅದು ಮುಗಿಯುವ ಮೊದಲೇ ಎಲ್ಯಣ್ಣ ಗೌಡರು ಎದ್ದು ನಿಂತು, ತಮ್ಮ ಕಪ್ಪು ಕೋಲನ್ನು ತಂದು ಮೊಣಕಾಲಿನ ಮೇಲೆ ಅಡ್ಡ ಇಟ್ಟರು. “ಬೇಡ ಗೌಡ್ರೆ, ತಮಾಷೆಗೆ ಹೇಳಿದ್ದು,” ಎಂದು ಹಮೀದ್ ಓಡಿದ. “ಊಟದ ಎಲೆಯ ಎದುರು ಆಡಿದ ಮಾತು ತಮಾಷೆ ಆಗ್ತದಾ?” ಎಂದರು ಅವರು. ಕೋಲು ಹಿಡಿದ ಅವರ ಬೆರಳುಗಳು ಅದನ್ನು ಒಮ್ಮೆ ಸವರಿದ್ದನ್ನು ನಾನು ನೋಡಿದೆ.

“ನಿಲ್ಲಿ!” ಎಂದು ಕೂಗಿದೆ, ತರಗತಿಯಲ್ಲಿ ಕೂಗಿದ ಹಾಗೆ. ಎಂಟು ಸ್ಪರ್ಧಿಗಳೂ ಎಂಟು ವೀಕ್ಷಕರ ಪೈಕಿ ಉಳಿದ ಏಳು ಮಂದಿಯೂ ನನ್ನ ಕಡೆ ತಿರುಗಿದರು. ಮಂಡಕ್ಕಿಯ ಪೊಟ್ಟಣವನ್ನು ಎತ್ತಿ ತೋರಿಸಿ, ನಡೆದದ್ದನ್ನು ಹೇಳಿ, ಹನ್ನೊಂದನೆಯ ನಿಯಮವನ್ನು ನಾನೇ ಗಟ್ಟಿಯಾಗಿ ಓದಿದೆ. ಅಡಿಗೆರೆ ಎಳೆದ ‘ಯಾರೂ’ ಎಂಬ ಪದವನ್ನು ಎರಡು ಸಲ ಓದಿದೆ. ಹಮೀದನ ಮುಖ ನೋಡಲು ಆಗಲಿಲ್ಲ.

ಮೊದಲು ಮಾತಾಡಿದವರು ಎಲ್ಯಣ್ಣ ಗೌಡರು. “ಅಲ್ಲ ಟೀಚರ್, ಎದುರಿಗೆ ಮಂಡಕ್ಕಿ ಇರುವಾಗ ಅದನ್ನು ಬಿಟ್ಟು ಪುಕ್ಕಕ್ಕೆ ಬಾಯಿ ಹಾಕಿತಾ? ಹಾಗಾದ್ರೆ ಪುಕ್ಕವೇ ಗೆದ್ದ ಹಾಗಾಯ್ತಲ್ಲ! ಕೋಲು ಮುರಿಯುದೇ.”

“ಇಲ್ಲ ಗೌಡ್ರೆ,” ಎಂದ ಹಮೀದ್. ಅವನು ನಗುತ್ತಿದ್ದ, ಆದರೆ ನಗುವಿಗೆ ಸ್ವಲ್ಪ ಸಮಯ ಹಿಡಿದಿತ್ತು. “ನಿಯಮ ಅಂದ್ರೆ ನಿಯಮ. ಮೀನು ಲೆಕ್ಕಕ್ಕಿಲ್ಲ, ಹಾಗಾಗಿ ನಿಮ್ಮ ಮಾತೂ ಲೆಕ್ಕಕ್ಕಿಲ್ಲ. ಟೀಚರ್ ಶಾಲೆಯಲ್ಲಿ ಒಂದು ಮಾರ್ಕು ಕೊಡದೆ ನನ್ನನ್ನು ಫೇಲ್ ಮಾಡಿದವರು. ಈಗ ಇಪ್ಪತ್ತಮೂರು ತೆಗೆದೂ ಫೇಲಾದ್ರೆ ನನಗೆ ಎಂತ ಹೊಸತು?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಒಂದು ಅಂಕ ಕೊಟ್ಟುಬಿಡಬಹುದಿತ್ತು ಎಂದು ನನಗೆ ಜೀವಮಾನದಲ್ಲಿ ಮೊದಲ ಸಲ ಅನಿಸಿತು.

ಈಗ ಎಂಟೂ ಜನಕ್ಕೆ ಸೊನ್ನೆ. ಸಮಬಲವಾದರೆ ಏನು ಎಂದು ಪಟ್ಟಿ ನೋಡಿದರೆ, ರಂಗೋಲಿಯಿಂದ ಹೊಡೆದು ಹಾಕಲು ಮರೆತ ಹದಿನಾರನೆಯ ನಿಯಮ ಕಾದು ಕೂತಿತ್ತು: ‘ಅಂಕಗಳು ಸಮವಾದಲ್ಲಿ ಸ್ಪರ್ಧಿಯ ಸ್ಥಳದ ಸ್ವಚ್ಛತೆಯನ್ನು ಪರಿಗಣಿಸತಕ್ಕದ್ದು.’ ಎಲ್ಲರೂ ಹೊಳೆಬದಿಗೆ ಹೋಗಿ ನೋಡಿದೆವು. ಎಲ್ಯಣ್ಣ ಗೌಡರ ಐವತ್ತು ಹೆಜ್ಜೆಯಲ್ಲಿ ಒಂದು ತರಗೆಲೆ ಕೂಡ ಇರಲಿಲ್ಲ, ಮೀನು ಸಿಗದ ಬೇಸರಕ್ಕೆ ಗುಡಿಸಿದ್ದರಂತೆ. ಹಮೀದನ ಬಂಡೆಯ ಮೇಲೆ ಮಂಡಕ್ಕಿ ಚೆಲ್ಲಿತ್ತು. ಮೀನು ನೆಗೆಯುವ ಚಿತ್ರವಿದ್ದ ಬಹುಮಾನದ ಟ್ರೋಫಿ ಎಲ್ಯಣ್ಣ ಗೌಡರಿಗೆ ಹೋಯಿತು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬದಿಗಿಟ್ಟು, ಹಮೀದನ ಪಕ್ಕ ಕೂತರು. “ಅದೆಲ್ಲ ಇರಲಿ. ಆ ಪುಕ್ಕ ಕಟ್ಟುದು ಹೇಗೆ? ತೋರ್ಸು ನೋಡುವ,” ಎಂದರು. ಹಮೀದ್ ಎಲ್ಲರಿಗೂ ಊಟಕ್ಕೆಂದು ತರಿಸಿದ್ದ ಬಿರಿಯಾನಿ ಆರಿ ತಣ್ಣಗಾಗುವವರೆಗೂ ಎರಡು ತಲೆಗಳು ಒಂದು ಕೋಳಿಗರಿಯ ಮೇಲೆ ಬಗ್ಗಿದ್ದವು. ನಾನು ಮೂರನೆಯ ತಲೆ ತೂರಿಸಲು ನೋಡಿದೆ, ಜಾಗ ಸಿಗಲಿಲ್ಲ.

ಮರುವಾರ ಹಮೀದ್ ಮನೆಗೆ ಬಂದು ಹತ್ತೊಂಬತ್ತನೆಯ ನಿಯಮ ಬರೆಸಿಕೊಂಡು ಹೋದ: ‘ಸ್ಪರ್ಧೆಗೆ ಮೊದಲು ವೀಕ್ಷಕರ ಚೀಲವನ್ನು ಪರಿಶೀಲಿಸತಕ್ಕದ್ದು.’ ನಾನೇ ಬರೆದೆ, ನನ್ನ ದುಂಡು ಅಕ್ಷರದಲ್ಲೇ. ಆ ಸಲ ಮಾತ್ರ ಪಾಯಸದ ಸುಖ ಸಿಗಲಿಲ್ಲ. ಮೊನ್ನೆ ಒಂದು ಗೃಹಪ್ರವೇಶಕ್ಕೆಂದು ನಾವಿಬ್ಬರೂ ಬಸ್ಸಿನಲ್ಲಿ ಹೊರಟಿದ್ದೆವು. ಹೊಳೆಯ ಸೇತುವೆ ಬಂತು. ನಾನು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೀರಿನಲ್ಲಿ ಏನಾದರೂ ಕಾಣುತ್ತದೆಯೇ ಎಂದು ನೋಡುತ್ತಿದ್ದೆ. ಫ್ರಿಜ್ಜಿನ ಬಾಗಿಲಿನ ಒಂದು ನಿಯಮವನ್ನೂ ಇದುವರೆಗೆ ಪಾಲಿಸದ ನಮ್ಮ ಮನೆಯವರು ನನ್ನ ಚೀಲವನ್ನು ತೆಗೆದು ತಮ್ಮ ಮಡಿಲಿನಲ್ಲಿಟ್ಟು, ಸೇತುವೆ ಮುಗಿಯುವ ತನಕ ಎರಡೂ ಕೈಯಿಂದ ಅದರ ಬಾಯಿ ಹಿಡಿದುಕೊಂಡರು.