ಎಲೆಕೋಸಿನ ರಾಜಕೀಯ

ಆ ಎಲೆಕೋಸು ಕೊಳ್ಳದೆ ಹೋಗಿದ್ದರೆ ಹಿಲ್ಡಿಂಗ್ ಬ್ರಾಸ್ಕ್‌ನ ಬಾಳು ಇವತ್ತಿಗೂ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಒಂದು ಸುಕ್ಕೂ ಇಲ್ಲದೆ ಇರುತ್ತಿತ್ತು.

ಜುಲೈ ತಿಂಗಳ ಒಂದು ಬೆಳಿಗ್ಗೆ ಹೆಡ್‌ವಿಕ್ ಪೇಟೆಯ ಚೌಕದಲ್ಲಿ ಆ ಎಲೆಕೋಸು ಕೊಂಡು, ಬಲೆಚೀಲದಲ್ಲಿ ಇಳಿಬಿಟ್ಟುಕೊಂಡು ಮನೆಗೆ ಹೊರಟಿದ್ದ. ದೊಡ್ಡ ಬೀದಿಯಲ್ಲಿ ಯಾರೋ ಕ್ಯಾಮೆರಾ ಹೂಡಿಕೊಂಡು ನಿಂತಿದ್ದರು. ನೋರ್ಡಾನ್ ಎಂಬ ಕಾರಿನ ಜಾಹೀರಾತಂತೆ. ಅವರಲ್ಲೊಬ್ಬ ಇವನ ಕಡೆ ಜೋರಾಗಿ ಕೈ ಬೀಸಿದ. ರಸ್ತೆ ದಾಟು ಅನ್ನುತ್ತಿದ್ದಾನೆ ಅಂದುಕೊಂಡು ಹಿಲ್ಡಿಂಗ್ ಜೀಬ್ರಾ ಪಟ್ಟೆಯ ಮೇಲೆ ಗಂಭೀರವಾಗಿ ಹೆಜ್ಜೆ ಹಾಕಿದ. ಬೆಳ್ಳಿ ಬಣ್ಣದ ಕಾರೊಂದು ಬಂದು ನಿಂತಿತು. ಹಿಲ್ಡಿಂಗ್ ಚಾಲಕನಿಗೆ ತಲೆಯಾಡಿಸಿ ವಂದಿಸಿ ಆಚೆ ಬದಿ ಸೇರಿದ. ಮನೆಯಲ್ಲಿ ಹೆಂಡತಿ ಗುನ್‌ವೋರ್ ಆ ಎಲೆಗಳಲ್ಲಿ ಖೀಮಾ ಸುತ್ತಿ ಬೇಯಿಸಿದಳು. ಇಬ್ಬರೂ ತಿಂದರು, ಮರೆತರು.

ಜಾಹೀರಾತು ಟೀವಿಯಲ್ಲಿ ಬಂದದ್ದು ಸೆಪ್ಟೆಂಬರಿನಲ್ಲಿ. ಅದೂ ಎಂಥ ದಿನ! ಪುರಸಭೆ ಚುನಾವಣೆಯ ಹಿಂದಿನ ಶನಿವಾರ, ಊರಿಗೆ ಊರೇ ನೋಡುತ್ತಿದ್ದ ಫುಟ್‌ಬಾಲ್ ಪಂದ್ಯದ ಬಿಡುವಿನಲ್ಲಿ. ಕಾರು ಬಂತು, ನಿಂತಿತು. ಎಲೆಕೋಸು ತೂಗಾಡಿಸುತ್ತ ಹಿಲ್ಡಿಂಗ್ ದಾಟಿದ, ತಲೆಯಾಡಿಸಿದ. ಬಾವಿಯೊಳಗಿಂದ ಬಂದಂಥ ದನಿಯೊಂದು ನುಡಿಯಿತು: "ಯಾರಿಗೆ ದಾರಿ ಬಿಡಬೇಕು ಅಂತ ನಮಗೆ ಗೊತ್ತು."

ಬೇರೆ ಯಾರಾದರೂ ಆಗಿದ್ದರೆ ನಾಲ್ಕು ದಿನ ಮೀಸೆ ತಿರುವಿಕೊಂಡು ಓಡಾಡಬಹುದಿತ್ತು. ಆದರೆ ಹಿಲ್ಡಿಂಗ್ ಇಪ್ಪತ್ತೆರಡು ವರ್ಷದಿಂದ ಪಶ್ಚಿಮ ಬಡಾವಣೆಯ ಮತಗಟ್ಟೆಯ ಮುಖ್ಯಸ್ಥ. ಯಾವ ಪಕ್ಷಕ್ಕೂ ಸೇರದವನು ಎಂಬುದೇ ಅವನ ಆಸ್ತಿ. ಚಹಾ ಬೇಕೋ ಕಾಫಿ ಬೇಕೋ ಎಂದು ಕೇಳಿದರೂ ನೀರು ಸಾಕು ಅನ್ನುವ ಪೈಕಿ. ತಾನು ಯಾರಿಗೆ ಮತ ಹಾಕುತ್ತೇನೆಂದು ಕಟ್ಟಿಕೊಂಡ ಹೆಂಡತಿಗೂ ಹೇಳಿದವನಲ್ಲ, ಅವಳನ್ನು ಕೇಳಿದವನೂ ಅಲ್ಲ.

"ಟೀವಿಯಲ್ಲಿ ಬಂದೋನು ನಾಳೆ ಮತಗಟ್ಟೆಯಲ್ಲಿ ಕೂತ್ರೆ ಜನ ಏನಾದ್ರೂ ಅಂತಾರೇನೋ," ಎಂದಳು ಗುನ್‌ವೋರ್.

"ಅನ್ನೋದಕ್ಕೆ ಅದರಲ್ಲೇನಿದೆ? ಕಾರು, ಎಲೆಕೋಸು, ನಾನು. ಮೂರಕ್ಕೂ ರಾಜಕೀಯ ಗೊತ್ತಿಲ್ಲ," ಎಂದು ಹಿಲ್ಡಿಂಗ್ ನಿಶ್ಚಿಂತೆಯಿಂದ ಮಲಗಿದ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಶಾಲೆಯ ಆಟದ ಹಾಲಿನ ಬಾಗಿಲು ತೆಗೆದಾಗ ಸಾಲಿನಲ್ಲಿ ಮೊದಲು ನಿಂತಿದ್ದವಳು ಪಕ್ಕದ ಮನೆಯ ಸಿಗ್ನ್‌ಹಿಲ್ಡ್. ಅವನನ್ನು ಕಂಡದ್ದೇ ಅವಳ ಕಣ್ಣು ತೇವವಾಯಿತು.

"ನೋಡಿದೆ ಕಣೋ ನಿನ್ನ! ಇಷ್ಟು ಧೈರ್ಯ ಇದೆ ನಿಂಗೆ ಅಂತ ಗೊತ್ತೇ ಇರ್ಲಿಲ್ಲ."

"ಎಂಥ ಧೈರ್ಯ?"

"ಪಿಂಚಣಿ ಜಾಸ್ತಿ ಮಾಡಬೇಕು ಅಂತ ತಾನೇ ಅದರರ್ಥ? ಬಡ ಮುದುಕ, ಕೈಯಲ್ಲಿ ಒಂದೇ ಒಂದು ಎಲೆಕೋಸು, ಮಾಂಸಕ್ಕೆ ಗತಿಯಿಲ್ಲ. ಶ್ರೀಮಂತನ ಕಾರು ಅವನ ಮುಂದೆ ತಲೆತಗ್ಗಿಸಿ ನಿಲ್ತದೆ. ಅತ್ತುಬಿಟ್ಟೆ ನಾನು!"

"ನಂಗಿನ್ನೂ ಐವತ್ತೊಂಬತ್ತು, ಸಿಗ್ನ್‌ಹಿಲ್ಡ್. ಮನೇಲಿ ಖೀಮಾ ಇತ್ತು. ಗುರುತಿನ ಚೀಟಿ ತೋರಿಸು."

"ಹಾಗೇ ಹೇಳು ಅಂತ ಹೇಳಿಕೊಟ್ಟಿರ್ತಾರೆ ಬಿಡು," ಎಂದು ಅವಳು ಕಣ್ಣು ಮಿಟುಕಿಸಿ ಮತ ಹಾಕುವ ಮರೆಯ ಹಿಂದೆ ಹೋದಳು.

ಹತ್ತು ಗಂಟೆಯ ಹೊತ್ತಿಗೆ ಸಾಲು ಬಾಗಿಲಾಚೆ ಬೆಳೆಯಿತು. ಮತ ಹಾಕಲು ಬಂದವರಿಗಿಂತ ಎಲೆಕೋಸಿನವನನ್ನು ನೋಡಲು ಬಂದವರೇ ಹೆಚ್ಚು. ಅಷ್ಟರಲ್ಲಿ ನೀಲಿ ಪಕ್ಷದ ಪರವಾಗಿ ಬಾಗಿಲಲ್ಲಿ ಚೀಟಿ ಹಂಚುತ್ತಿದ್ದ ದಂತವೈದ್ಯ ರೂರಿಕ್, ಹುಳುಕು ಹಲ್ಲು ಕಂಡವನ ಮುಖ ಮಾಡಿಕೊಂಡು ಒಳಗೆ ಬಂದ.

"ಹಿಲ್ಡಿಂಗ್, ನಂಗೆ ನಿನ್ನ ಮೇಲೆ ವೈಯಕ್ತಿಕವಾಗಿ ಏನಿಲ್ಲ. ಆದ್ರೆ ನೀನು ರಸ್ತೆಯನ್ನ ಬಲಗಡೆಯಿಂದ ಎಡಗಡೆಗೆ ದಾಟಿದ್ದೀಯ."

"ನಮ್ಮನೆ ಇರೋದು ಆ ಕಡೆ."

"ಬಲದಿಂದ ಎಡಕ್ಕೆ! ಚುನಾವಣೆ ಹಿಂದಿನ ದಿನ! ಆಮೇಲೆ 'ಯಾರಿಗೆ ದಾರಿ ಬಿಡಬೇಕು ಅಂತ ನಮಗೆ ಗೊತ್ತು' ಅಂತ ಬೇರೆ. ಇದಕ್ಕಿಂತ ಬಿಡಿಸಿ ಹೇಳೋಕಾಗತ್ತಾ? ಇದು ಕೆಂಪು ಪಕ್ಷದ ಪ್ರಚಾರ. ದೂರು ಬರೀತೀನಿ. ಈ ಮತಗಟ್ಟೆಯ ಮತಗಳನ್ನೆಲ್ಲ ಪಕ್ಕಕ್ಕಿಡಿಸ್ತೀನಿ."

ಪಕ್ಕಕ್ಕಿಡುವುದು! ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಮತವೂ ಆಚೀಚೆಯಾಗದ ಮತಗಟ್ಟೆ.

ಹಿಲ್ಡಿಂಗ್ ಬಾಯಿ ತೆರೆಯುವ ಮೊದಲೇ ಕೆಂಪು ಪಕ್ಷದ ಮಾಯ್‌ವೋರ್ ನುಗ್ಗಿದಳು. ಮೂವತ್ತು ವರ್ಷ ಊರ ಬಸ್ಸು ಓಡಿಸಿ ನಿವೃತ್ತಳಾದವಳು. ಮಾತಾಡಿದರೆ ಕೊನೆಯ ಸೀಟಿನವರಿಗೂ ಕೇಳಬೇಕು.

"ನಮ್ಮ ಪ್ರಚಾರವಾ? ದುಡಿಯೋ ಮನುಷ್ಯ ನಡ್ಕೊಂಡು ಹೋಗ್ತಾನೆ, ದುಡ್ಡಿರೋನು ಕಾರಲ್ಲಿ ಕೂತಿರ್ತಾನೆ. ಕಾರು ಒಂಚೂರು ನಿಲ್ಲಿಸಿದ್ದಕ್ಕೆ ಇವನು ಗುಲಾಮನ ಥರ ತಲೆಯಾಡಿಸ್ತಾನೆ. ಇದು ನಿಮ್ಮ ಪ್ರಚಾರ ಕಣಯ್ಯ!"

"ಬಲದಿಂದ ಎಡಕ್ಕೆ ಹೋಗಿದ್ದಾನಲ್ಲ!"

"ಕಾರಿನೊಳಗೆ ಕೂತು ನೋಡಿದ್ರೆ ಹಾಗೆ. ಕ್ಯಾಮೆರಾ ಇದ್ದದ್ದು ಎದುರುಗಡೆ. ಅಲ್ಲಿಂದ ನೋಡಿದ್ರೆ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ತೋರಿಸಿಯೇಬಿಡೋಣ ಎಂದಾಯಿತು. ಹಿಲ್ಡಿಂಗ್ ಬೇಡವೆಂದು ಕೈಮುಗಿಯುವಷ್ಟರಲ್ಲಿ ಮಾಯ್‌ವೋರ್ ಒಂದು ಕುರ್ಚಿ ಎಳೆದುಕೊಂಡು ಕಾರಾದಳು. "ಓಡಿಸೋದು ನಾನು, ಅದ್ರಲ್ಲಿ ಮಾತಿಲ್ಲ." ರೂರಿಕ್ ವಿಧಿಯಿಲ್ಲದೆ ಹಿಲ್ಡಿಂಗ್ ಆಗಬೇಕಾಯಿತು. ಮೂಲೆಯ ಬುಟ್ಟಿಯಿಂದ ಯಾರೋ ಒಂದು ಬಾಸ್ಕೆಟ್‌ಬಾಲ್ ತಂದು ಎಲೆಕೋಸೆಂದು ಅವನ ಕೈಗಿತ್ತರು. ಸಾಲಿನಲ್ಲಿದ್ದವರು ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತರು. ಮಾಯ್‌ವೋರ್ ಕೂತಲ್ಲೇ ಕುರ್ಚಿಯನ್ನು ಗರಗರ ತಳ್ಳಿಕೊಂಡು ಬಂದು ಬಾಯಲ್ಲೇ ಬ್ರೇಕ್ ಹಾಕಿದಳು. ದಂತವೈದ್ಯ ಚೆಂಡು ತೂಗಾಡಿಸುತ್ತ ಮದುವಣಗಿತ್ತಿಯ ಹಾಗೆ ಮೆಲ್ಲಗೆ ದಾಟಿ, ತಲೆಯಾಡಿಸಿದ. ಗೋಡೆ ಬದಿಯಿಂದ ಚಪ್ಪಾಳೆ ಬಿತ್ತು.

"ಈಗ ಕ್ಯಾಮೆರಾ ಕಡೆಯಿಂದ ನೋಡಿ!" ಎಂದಳು ಮಾಯ್‌ವೋರ್.

ನೋಡಿದರು. ಕ್ಯಾಮೆರಾ ಕಡೆಯಿಂದ ಹಿಲ್ಡಿಂಗ್ ದಾಟಿದ್ದು ಎಡದಿಂದ ಬಲಕ್ಕೆ.

ರೂರಿಕ್‌ನ ಮುಖ ಅರಳಿತು. "ಅರೆ, ಹಾಗಾದ್ರೆ ದೂರು ವಾಪಸ್."

"ಎಲ್ಲಿ ವಾಪಸ್? ಎಡದಿಂದ ಬಲಕ್ಕೆ ಅಂದ್ಮೇಲೆ ದೂರು ನಂದು!" ಎಂದು ಮಾಯ್‌ವೋರ್ ಕುರ್ಚಿಯಿಂದ ಇಳಿದಳು.

ಸಾಲಿನಲ್ಲಿದ್ದ ಹಸಿರು ಪಕ್ಷದ ಗಡ್ಡದವನೊಬ್ಬ ಬೆರಳೆತ್ತಿದ. "ನೀವಿಬ್ರೂ ಎಲೆಕೋಸನ್ನೇ ಮರೆತುಬಿಟ್ರಿ. ಅದನ್ನ ಬಲೆಯಲ್ಲಿ ಹಿಡಿದು ಹಾಕಿದ್ದಾರೆ. ಹಸಿರನ್ನ ಬಲೆಯಲ್ಲಿ! ನಂದೂ ಒಂದು ದೂರಿದೆ."

ಹಿಲ್ಡಿಂಗ್ ನಿಯಮಾವಳಿಯ ಪುಸ್ತಕ ತೆರೆದ. ಎಲೆಕೋಸಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಕೊನೆಗೆ ಅವನೇ ರಾಜಿಗೆ ಬಂದ. "ಸರಿ. ನಾನು ಪೆಟ್ಟಿಗೆ ಹತ್ತಿರ ಕೂರಲ್ಲ. ಚೀಟಿ ಇಟ್ಟಿರೋ ಕಪಾಟು ನೋಡ್ಕೋತೀನಿ."

ಕಪಾಟಿನಲ್ಲಿ ಎಲ್ಲ ಪಕ್ಷಗಳ ಮತಚೀಟಿಗಳ ಕಟ್ಟುಗಳಿದ್ದವು; ಜನ ತಮಗೆ ಬೇಕಾದ ಪಕ್ಷದ ಚೀಟಿ ತೆಗೆದು ಲಕೋಟೆಗೆ ಹಾಕಿ ಪೆಟ್ಟಿಗೆಗೆ ಕೊಡಬೇಕು. ಅವನ್ನು ನೇರ ಮಾಡಲು ಕೈ ಹಾಕಿದ್ದಷ್ಟೆ, ಮೊದಲು ಯಾವ ಕಟ್ಟು ಮುಟ್ಟಿದ ಎಂದು ಗಲಾಟೆ ಎದ್ದಿತು. ಬಾಗಿಲಿಗೆ ಹೋಗಿ ನಿಂತ. ಅಜ್ಜಿಯೊಬ್ಬಳಿಗೆ ಬಾಗಿಲು ಹಿಡಿದರೆ ಇಡೀ ಸಾಲು ಒಂದೇ ದನಿಯಲ್ಲಿ, "ಯಾರಿಗೆ ದಾರಿ ಬಿಡಬೇಕು ಅಂತ ನಮಗೆ ಗೊತ್ತು!" ಎಂದು ಹಾಡಿತು. ಅಜ್ಜಿ ಹೆದರಿ ವಾಪಸು ಹೊರಟೇಹೋದಳು. ಮಧ್ಯಾಹ್ನದ ಹೊತ್ತಿಗೆ ಮತಗಟ್ಟೆಯ ಮುಖ್ಯಸ್ಥ ಹಾಲಿನ ಹಿಂದಿನ ಸಣ್ಣ ಅಡುಗೆಕೋಣೆಯಲ್ಲಿ ಕಾಫಿ ಲೋಟ ತೊಳೆಯುತ್ತಿದ್ದ. ಅಲ್ಲೂ ಗಡ್ಡದವನು ಇಣುಕಿ, ಲೋಟಗಳೆಲ್ಲ ಯಾಕೆ ನೀಲಿ ಎಂದು ಕೇಳಿ ಹೋದ.

ಮೂರು ಗಂಟೆಗೆ ಗುನ್‌ವೋರ್ ಮತ ಹಾಕಲು ಬಂದಳು. ಪೆಟ್ಟಿಗೆಯ ಹಿಂದೆ ಗಂಡನಿಲ್ಲ. ಹುಡುಕಿಕೊಂಡು ಹೋದರೆ ಪಾತ್ರೆ ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು, ಮಳೆಯಲ್ಲಿ ನೆನೆದ ಕೋಳಿಯ ಹಾಗೆ ನಿಂತಿದ್ದಾನೆ.

"ಏನೋ ಇದು? ನಿನ್ನನ್ನ ಇಲ್ಲಿ ತಂದು ಕೂರಿಸಿದ್ಯಾರು?"

"ನಾನೇ ಬಂದೆ. ನಂಗೇನೂ ಆಗಿಲ್ಲ. ಎಲ್ಲಾ ನಿಯಮದ ಪ್ರಕಾರ ನಡೀತಿದೆ."

"ಹೊರಗಡೆ ಎಲ್ರೂ ನಿನ್ನನ್ನ ಬೈತಿದ್ದಾರೆ."

"ಎಲ್ರೂ ಸಮನಾಗಿ ಬೈತಿದ್ದಾರೆ, ಗುನ್‌ವೋರ್. ಅದೊಂದೇ ಸಮಾಧಾನ."

ಅವಳು ಅವನ ಕಾಲರು ಸರಿ ಮಾಡಿ, ಕಪಾಟಿನಲ್ಲಿ ತಡಕಾಡಿ ಚೀಟಿಯೊಂದನ್ನು ತೆಗೆದುಕೊಂಡು ಮರೆಯ ಹಿಂದೆ ಹೋದಳು. ಅಲ್ಲಿ ಬಹಳ ಹೊತ್ತು ಇದ್ದಳು.

ಐದು ಗಂಟೆಗೆ ಪುರಸಭೆಯ ಚುನಾವಣಾಧಿಕಾರಿ ಇಲ್ವಾ ಸೈಕಲ್ಲಿನಲ್ಲಿ ಬಂದಿಳಿದಳು. ಹಿಲ್ಡಿಂಗ್‌ಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಇಪ್ಪತ್ತು ಪಟ್ಟು ಖಡಕ್ಕು. ಎರಡು ದೂರುಗಳನ್ನೂ ನಿಂತಲ್ಲೇ ಓದಿದಳು.

"ಜಾಹೀರಾತಲ್ಲಿ ಸಂದೇಶ ಇದ್ಯೋ ಇಲ್ವೋ ಅಂತ ನಾವು ಕೂಗಾಡಿ ಏನುಪಯೋಗ? ತೆಗೆದವನನ್ನೇ ಕೇಳೋಣ," ಎಂದು ಎರಡು ಮೂರು ಕಡೆ ಫೋನ್ ಮಾಡಿ ನಿರ್ದೇಶಕನನ್ನು ಹಿಡಿದಳು. ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟಳು.

"ಎಲೆಕೋಸಿನವನಾ?" ಎಂದಿತು ಫೋನು. "ಅಯ್ಯೋ, ಆ ಮನುಷ್ಯ ನಮ್ಮವನೇ ಅಲ್ಲ! ಒಂದು ಹುಡುಗಿ, ಒಂದು ನಾಯಿ ದಾಟಬೇಕಿತ್ತು. ಇವನು ಮಧ್ಯೆ ಬಂದ. ಆಚೆ ಹೋಗು ಅಂತ ಕೈ ಬೀಸಿದ್ರೆ ಸೀದಾ ಒಳಗೇ ಬಂದ. ಆಮೇಲೆ ನಾಯಿ ಎಂಟು ಸಲವೂ ಕಾರಿನ ಚಕ್ರಕ್ಕೆ ಕಾಲೆತ್ತಿತು. ಉಳಿದಿದ್ದು ಇವನೊಬ್ಬನೇ. ಹಾಕಿಬಿಟ್ವಿ."

"ಹಾಗಾದ್ರೆ ಎಡ, ಬಲ, ಹಸಿರು…" ಎಂದಳು ಇಲ್ವಾ.

"ಸಂದೇಶಾನಾ? ಕಾರು ತಗೊಳ್ಳಿ ಅಂತ, ಅಷ್ಟೇ ಮೇಡಂ."

ಇಂಥ ನಿರಾಶೆ ಪಶ್ಚಿಮ ಬಡಾವಣೆ ಹಿಂದೆಂದೂ ಕಂಡಿರಲಿಲ್ಲ. ಸಿನಿಮಾ ಅರ್ಧಕ್ಕೆ ನಿಂತಾಗಿನ ಹಾಗೆ ಜನ ಕರಗಿದರು. ರೂರಿಕ್ ಕೆಮ್ಮಿದ. ಮಾಯ್‌ವೋರ್ ಕುರ್ಚಿಯನ್ನು ಅದರ ಜಾಗದಲ್ಲಿಟ್ಟಳು. ಎರಡು ದೂರುಗಳೂ ಹರಿದು ಕಸದ ಬುಟ್ಟಿ ಸೇರಿದವು. ಹಿಲ್ಡಿಂಗ್ ಹೆಗಲ ಬಟ್ಟೆ ತೆಗೆದು, ಕನ್ನಡಕ ಒರೆಸಿ, ಪೆಟ್ಟಿಗೆಯ ಹಿಂದೆ ತನ್ನ ಕುರ್ಚಿಯಲ್ಲಿ ಕೂತ. ಕೈ ಬೀಸಿದ್ದು ಆಚೆ ಹೋಗು ಅಂತ ಎಂದು ಊರೆದುರಿಗೆ ಗೊತ್ತಾದದ್ದು ಸ್ವಲ್ಪ ಚುಚ್ಚಿತು. ಆದರೇನು? ಅವನು ಯಾರ ಪಕ್ಷದವನೂ ಅಲ್ಲ ಎಂದು ಸಾಕ್ಷಿ ಸಮೇತ ಸಾಬೀತಾಗಿತ್ತು. ಉಳಿದ ಮೂರು ಗಂಟೆ ಅವನು ರಾಜನ ಹಾಗೆ ಲಕೋಟೆಗಳನ್ನು ಪೆಟ್ಟಿಗೆಗೆ ಇಳಿಸಿದ.

ಬಾಗಿಲು ಮುಚ್ಚಿ, ಪಕ್ಷದವರ ಕಣ್ಣೆದುರೇ ಎಣಿಕೆ ಶುರುವಾಯಿತು. ಕೆಂಪು, ನೀಲಿ, ಹಸಿರು ಎಲ್ಲ ಎಂದಿನಂತೆ. ಆದರೆ ಮೇಜಿನ ತುದಿಯಲ್ಲಿ ಒಂದು ಕಟ್ಟು ಸುಮ್ಮನೆ ಬೆಳೆಯುತ್ತಲೇ ಹೋಯಿತು. ಅದು ಕಾರು ಚಾಲಕರ ಪಕ್ಷದ್ದು. ರಾಜಧಾನಿಯಲ್ಲೆಲ್ಲೋ ಒಂದು ಕಚೇರಿ ಇಟ್ಟುಕೊಂಡು ಪೆಟ್ರೋಲು ಅಗ್ಗವಾಗಲಿ, ಕಾರು ನಿಲ್ಲಿಸಲು ಜಾಗ ಹೆಚ್ಚಲಿ ಎನ್ನುವ ಪಕ್ಷ. ಹೆಡ್‌ವಿಕ್‌ನಲ್ಲಿ ಅದಕ್ಕೆ ಶಾಖೆಯಿಲ್ಲ, ಅಭ್ಯರ್ಥಿಯೂ ಇಲ್ಲ, ಬರೀ ಪಕ್ಷದ ಹೆಸರಿನ ಚೀಟಿ. ಹೋದ ಸಲ ಊರಿಗೆಲ್ಲ ಸೇರಿ ಹತ್ತೊಂಬತ್ತು ಮತ ಬಿದ್ದಿದ್ದವು. ಈಗ ಈ ಹಾಲೊಂದರಲ್ಲೇ ಅರವತ್ತನಾಲ್ಕು.

ಇಲ್ವಾ ಬೇರೆ ಮತಗಟ್ಟೆಗಳಿಗೆ ಫೋನ್ ಮಾಡಿದಳು. ಎಲ್ಲ ಕಡೆಯೂ ಅದೇ ಕತೆ.

"ನಿನ್ನೆ ಸಂಜೆ ಇಡೀ ಊರು ಕಾರಿನ ಜಾಹೀರಾತು ನೋಡ್ತು," ಎಂದಳು ನಿಧಾನವಾಗಿ. "ಇವತ್ತು ಬೆಳಿಗ್ಗೆಯಿಂದ ಅದನ್ನೇ ಮಾತಾಡ್ತು. ಸಂದೇಶ ಇರ್ಲಿಲ್ಲ, ಆದ್ರೆ ತಲುಪಿದೆ. ಅವರಿಗೆ ಒಂದು ಸ್ಥಾನ ಬರೋದು ಖಾತ್ರಿ."

"ಅಭ್ಯರ್ಥಿಯೇ ಇಲ್ವಲ್ಲ?" ಎಂದ ರೂರಿಕ್.

"ಪಟ್ಟಿ ಇಲ್ದೇ ಇದ್ರೆ ಚೀಟಿ ಮೇಲೆ ಮತದಾರರು ಕೈಯಲ್ಲಿ ಬರೆದ ಹೆಸರು ಲೆಕ್ಕಕ್ಕೆ ಬರತ್ತೆ. ಬೇರೆ ಮತಗಟ್ಟೆಗಳಲ್ಲಿ ಯಾರೂ ಏನೂ ಬರೆದಿಲ್ವಂತೆ. ನೋಡಿ, ನಿಮ್ಮಲ್ಲಿ ಯಾರಾದ್ರೂ ಬರೆದಿದ್ದಾರಾ?"

ಹಿಲ್ಡಿಂಗ್ ಕಟ್ಟನ್ನು ಒಂದೊಂದಾಗಿ ತಿರುವಿದ. ಬರೀ ಖಾಲಿ. ನಲವತ್ತೊಂದನೆಯದರಲ್ಲಿ ಅವನ ಬೆರಳು ನಿಂತಿತು. ದುಂಡಗಿನ, ಸ್ವಲ್ಪ ಬಲಕ್ಕೆ ವಾಲಿದ ಅಕ್ಷರ. ಮೂವತ್ತು ವರ್ಷದಿಂದ ಬೆಣ್ಣೆ, ಆಲೂಗಡ್ಡೆ, ಸಾಬೂನು ಎಂದು ಬರೆದುಕೊಡುತ್ತಿದ್ದ ಅದೇ ಅಕ್ಷರ.

ಇಲ್ವಾ ಬಾಗಿ ಗಟ್ಟಿಯಾಗಿ ಓದಿದಳು: "ಹಿಲ್ಡಿಂಗ್ ಬ್ರಾಸ್ಕ್."

"ಒಂದು ಮತ," ಎಂದ ಹಿಲ್ಡಿಂಗ್. "ಒಂದೇ ಒಂದು."

"ಒಂದೇ ಸಾಕು. ನಾಳೆ ಮೇಲಿನವರು ಮೊಹರು ಹಾಕ್ತಾರೆ. ಅಭಿನಂದನೆ. ಅಂದ ಹಾಗೆ, ಪುರಸಭೆ ಸದಸ್ಯರು ಮತಗಟ್ಟೆಯಲ್ಲಿ ಕೂರೋ ಹಾಗಿಲ್ಲ. ಮುಂದಿನ ಸಲಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ."

"ಯಾರು ಬರೆದಿರಬಹುದು?" ಎಂದಳು ಮಾಯ್‌ವೋರ್, ಕಣ್ಣು ಕಿರಿದು ಮಾಡಿ.

"ಮತ ಗುಪ್ತ," ಎಂದ ಹಿಲ್ಡಿಂಗ್. ಆ ದಿನ ಅವನು ಆಡಿದ ಮಾತುಗಳಲ್ಲಿ ಎಲ್ಲರೂ ಒಪ್ಪಿದ್ದು ಅದೊಂದೇ.

ಮನೆಗೆ ಬಂದಾಗ ಗುನ್‌ವೋರ್ ಸಬ್ಬಸಿಗೆ ಹಾಕಿ ಬೇಯಿಸಿದ ಆಲೂಗಡ್ಡೆಯನ್ನು ಬಿಸಿಯಾಗಿಯೇ ಇಟ್ಟುಕೊಂಡು ಕಾಯುತ್ತಿದ್ದಳು. ಅವನು ಕೋಟು ಕಳಚದೆ ಕೂತ. ಕೇಳಬಾರದು ಎಂದು ಇಪ್ಪತ್ತೆರಡು ವರ್ಷದ ಅಭ್ಯಾಸ ಹೇಳಿತು. ಬಾಯಿ ಬಿಗಿಹಿಡಿದು ಆಲೂಗಡ್ಡೆಯನ್ನೇ ನೋಡಿದ.

"ಮುಖ ಯಾಕೋ ಹಾಗಿದೆ? ಹೇಳಬಾರದು ಅಂತೀಯ, ಆದ್ರೂ ಹೇಳಿಬಿಡ್ತೀನಿ," ಎಂದಳು ಗುನ್‌ವೋರ್. "ಎಲ್ರೂ ನಿನ್ನನ್ನ ಬೈತಿದ್ದರಲ್ಲ, ಹೊಟ್ಟೆ ಉರೀತು. ಈ ಊರಲ್ಲಿ ನಿನ್ನ ಪರವಾಗಿ ಒಂದಾದ್ರೂ ಮತ ಬೀಳಲಿ ಅಂತ ನಿನ್ನ ಹೆಸರು ಬರೆದೆ."

"ಗೊತ್ತಾಯ್ತು."

"ನಿಂಗೆ ತೊಂದರೆ ಆಗಬಾರದು ಅಂತ ಎಷ್ಟು ಹುಷಾರಾಗಿದ್ದೆ ಗೊತ್ತಾ? ಕೆಂಪು ಬೇಡ, ನೀಲಿ ಬೇಡ, ಹಸಿರು ಬೇಡ ಅಂತ ಬಿಟ್ಟು, ಆ ಕಪಾಟಿನಲ್ಲೆಲ್ಲ ಹುಡುಕಿ ಹುಡುಕಿ, ಜನ್ಮದಲ್ಲಿ ಗೆಲ್ಲದ ಪಕ್ಷ ಯಾವುದು ಅಂತ ನೋಡಿ ಅದರ ಮೇಲೆ ಬರೆದೆ."

ಡ್ರೈವಿಂಗ್ ಲೈಸೆನ್ಸ್ ಕೂಡ ಇಲ್ಲದ, ಕಾರು ಚಾಲಕರ ಪಕ್ಷದ ಏಕೈಕ ಪುರಸಭಾ ಸದಸ್ಯ ಫೋರ್ಕು ಕೆಳಗಿಟ್ಟ.

"ಗೆದ್ದಿದೆ," ಎಂದ.