ಹಾಲಿನ ಆಣೆ

ಹಾಲು ಬಿಟ್ಟ ಕಥೆ ಹೇಳುವ ಹಕ್ಕು ನಿಜಕ್ಕೂ ನನಗಿಲ್ಲ. ಬಿಟ್ಟವಳು ನನ್ನ ಹೆಂಡತಿ ಸುಮಾ, ನಾನು ಬಿಡಿಸಿದವನು ಮಾತ್ರ. ಆದರೆ ಬಿಟ್ಟವರಿಗಿಂತ ಬಿಡಿಸಿದವರಿಗೇ ಯಾವಾಗಲೂ ಮಾತು ಹೆಚ್ಚು. ಅದರಲ್ಲೂ ಬಿಡಿಸಿದವನು ಮಾಸ್ತರನಾಗಿದ್ದರೆ ಕೇಳುವುದೇ ಬೇಡ. ರೋಣದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು, ಮದುವೆಯಾದ ಮರುವರ್ಷ ಗದಗಿನಲ್ಲಿ ಯಾರೋ ನಡೆಸಿದ ಮೂರು ದಿನದ ಆರೋಗ್ಯ ಶಿಬಿರಕ್ಕೆ ಹೋಗಿದ್ದೆ. ಹೋದದ್ದು ಮಲಬದ್ಧತೆಗೆ ಮದ್ದು ಸಿಕ್ಕೀತೆಂದು, ಮರಳಿದ್ದು ಜ್ಞಾನಿಯಾಗಿ. ಹಾಲು ಕರುವಿನ ಪಾಲು, ಅದನ್ನು ಕಸಿದು ಕುಡಿಯುವುದು ಅನ್ಯಾಯ ಎಂದು ಅಲ್ಲಿ ಹೇಳಿದ್ದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಈಗ ಇಂಥ ಊಟಕ್ಕೆ ವೀಗನ್ ಎಂಬ ಚಂದದ ಹೆಸರಿದೆಯಂತೆ. ಆಗ ನಮ್ಮ ಓಣಿಯಲ್ಲಿ ಇದಕ್ಕೆ ಮಾಸ್ತರನ ಹುಚ್ಚು ಎನ್ನುತ್ತಿದ್ದರು. ಎಂಟನೇ ಇಯತ್ತೆಯ ತರಗತಿಯ ಗೋಡೆಯ ಮೇಲಿದ್ದ ಸಮತೋಲನ ಆಹಾರದ ಚಿತ್ರದಲ್ಲಿ ಹಾಲಿನ ಲೋಟದ ಮೇಲೆ ನಾನು ಬಿಳಿ ಕಾಗದ ಅಂಟಿಸಿದೆ. ಹಾಲೂ ಬೆಳ್ಳಗೇ ಇದ್ದುದರಿಂದ ಹುಡುಗರಿಗೆ ಹೆಚ್ಚಿನ ವ್ಯತ್ಯಾಸವೇನೂ ಕಾಣಲಿಲ್ಲ.

ಸುಮಾ ಆಗ ಮೂರು ತಿಂಗಳ ಬಸುರಿ. ಮಾಂಸವಿರಲಿ, ಕೋಳಿಯ ತತ್ತಿಯೂ ಹೊಸ್ತಿಲು ದಾಟದ ಮನೆತನ ನಮ್ಮದು. ಬಸುರಿಯ ಮೈಗೆ ಸತ್ವ ಸಿಗಲು ಹಾಲು, ಮೊಸರು ಬಿಟ್ಟರೆ ಬೇರೆ ದಾರಿಯಿಲ್ಲ. ಅವಳ ತವರು ಜಕ್ಕಲಿ. ಎರಡು ಎಮ್ಮೆ ಕಟ್ಟಿದ ಮನೆಯಲ್ಲಿ ರೊಟ್ಟಿಗೆ ಮೊಸರು, ಶೇಂಗಾ ಹಿಂಡಿ ಹಚ್ಚಿಕೊಂಡು ಬೆಳೆದವಳು. ವಾದ ಮಾಡಿ ಅವಳಿಂದ ಮೊಸರು ಬಿಡಿಸುವುದು ಆಗದ ಮಾತೆಂದು ನನಗೆ ಗೊತ್ತಿತ್ತು. ಅದಕ್ಕೇ ಒಂದು ದಿನ ಅವಳ ತಲೆಯ ಮೇಲೆ ಕೈಯಿಟ್ಟು, “ಇಬ್ಬರಾಗ ಯಾರು ಹಾಲು, ಮಸರು ಮುಟ್ಟಿದ್ರೂ ನನ್ನ ಆಣಿ ಐತಿ ನೋಡು” ಅಂದೆ. ಗಂಡನ ಮೇಲಿನ ಆಣೆ ಮುರಿದರೆ ಗಂಡ ಉಳಿಯುವುದಿಲ್ಲ ಎಂದು ನಂಬುವ ಸೀಮೆ ಇದು. ನಾನು ನಂಬುತ್ತಿರಲಿಲ್ಲ, ಅವಳು ನಂಬುತ್ತಾಳೆಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ನನ್ನ ವಿಜ್ಞಾನವೆಲ್ಲ ಅಷ್ಟರಲ್ಲೇ ಇತ್ತು.

ಇನ್ನು ನನ್ನ ವ್ರತದ ಸಂಗತಿ. ಮೊದಲ ತಿಂಗಳು ಶಾಲೆಯ ಚಹಾವನ್ನು ಎಲ್ಲರಿಗೂ ಕೇಳುವಂತೆ ಬೇಡವೆಂದೆ. ಎರಡನೇ ತಿಂಗಳು, ಚಹಾ ಎಂದರೆ ಎಲೆಯ ಕಷಾಯ, ಹಾಲು ಅದರ ಬಣ್ಣಕ್ಕೆ ಎಂದು ನನಗೆ ನಾನೇ ಪಾಠ ಮಾಡಿಕೊಂಡೆ. ಆಮೇಲೆ ತರಬೇತಿಗೆಂದು ಗಜೇಂದ್ರಗಡಕ್ಕೆ ಹೋದಾಗ ಖಾನಾವಳಿಯವನು ಕೇಳದೆಯೇ ಗಟ್ಟಿ ಮೊಸರು ಬಡಿಸಿದ. ಬಡಿಸಿದ್ದನ್ನು ಬಿಟ್ಟು ಏಳುವುದು ಅನ್ನಕ್ಕೆ ಅವಮಾನವಲ್ಲವೇ? ಅಲ್ಲಿಂದ ಮುಂದೆ ಗಜೇಂದ್ರಗಡದ ಕೆಲಸವನ್ನು ನಾನೇ ಕೇಳಿ ಪಡೆಯತೊಡಗಿದೆ. ಮನೆಗೆ ಬರುವ ಮುಂಚೆ ಮೀಸೆ ಒರೆಸಿಕೊಳ್ಳುತ್ತಿದ್ದೆ.

ಏಳನೇ ತಿಂಗಳಲ್ಲಿ ಸೀಮಂತದ ಕುಬಸ ಮಾಡಿದೆವು. ಓಣಿಯ ಬಳೆಗಾರ್ತಿ ಖತೀಜಾಬಿ ಬಂದು ಸುಮಾಳಿಗೆ ಹಸಿರು ಬಳೆ ಇಟ್ಟು ಹೋದಳು. ಬಸುರಿಯ ಕೈ ದಿನದಿನಕ್ಕೆ ತುಂಬಿಕೊಂಡು ಬಳೆ ಇನ್ನೂ ಬಿಗಿಯಾಗಬೇಕು. ಒಂಬತ್ತರಲ್ಲಿ ಅವಳು ಮತ್ತೆ ಬಂದು ಸುಮಾಳ ಕೈ ಹಿಡಿದಾಗ ಬಳೆಗಳೆಲ್ಲ ಬೆರಳಿನತ್ತ ಜಾರಿದವು. “ಮಾಸ್ತರ್ರ, ನಾ ಬಿಗೀನ ಇಟ್ಟಿದ್ದೆ. ಕೈ ಎಲ್ಲಿ ಹೋತ್ರಿ?” ಎಂದು ಕೇಳಿದಳು. ಮೈಯೊಳಗಿನ ವಿಷ ಹೊರಗೆ ಹೋಗುತ್ತಿದೆ, ಇದು ಒಳ್ಳೆಯ ಲಕ್ಷಣ ಎಂದು ನಾನು ಕಾಲು ಗಂಟೆ ವಿವರಿಸಿದೆ. ಅವಳು ಬಳೆಯ ಮಲಾರ ಹೊತ್ತು ಹೋದಳು. ಸರಕಾರಿ ದವಾಖಾನೆಯಲ್ಲಿ ಕೊಟ್ಟ ಗುಳಿಗೆಗಳನ್ನೂ ನಾನೇ ಕಪಾಟಿನ ಮೇಲೆ ಎಸೆದಿದ್ದೆ. ಸೊಪ್ಪಿನಲ್ಲಿ ಎಲ್ಲವೂ ಇದೆ ಎಂದು ಶಿಬಿರದಲ್ಲಿ ಹೇಳಿದ್ದರಲ್ಲ.

ಚೊಚ್ಚಲ ಬಾಣಂತನ ಜಕ್ಕಲಿಯಲ್ಲಾಯಿತು. ಹೆಣ್ಣು ಕೂಸು. ಅತ್ತೆ ತುಪ್ಪದಲ್ಲಿ ಅಂಟಿನುಂಡಿ ಕಟ್ಟಿ ಮಗಳ ತಲೆದಿಂಬಿನ ಹತ್ತಿರ ಇಟ್ಟರೆ ಅವಳು ಮುಟ್ಟಲಿಲ್ಲವಂತೆ. ಕೊನೆಗೆ ಆ ತಾಯಿ ಅಳುತ್ತಾ ಶೇಂಗಾ ಎಣ್ಣೆಯಲ್ಲಿ ಬೇರೆ ಉಂಡಿ ಕಟ್ಟಿದರು. ಎರಡು ಸಲ ಫೋನು ಮಾಡಿ, ಆಣೆಯೊಂದು ಬಿಡಿಸಿರಿ ಎಂದು ನನ್ನನ್ನು ಬೇಡಿಕೊಂಡರು. ನಾನು ಅವರಿಗೆ ಎಳ್ಳಿನಲ್ಲಿರುವ ಸುಣ್ಣದಂಶದ ಬಗ್ಗೆ ಹೇಳಿದೆ.

ನಾಲ್ಕನೇ ತಿಂಗಳಿಗೆ ಕೂಸು ನನ್ನನ್ನು ನೋಡಿ ನಗುತ್ತಿತ್ತು. ಏಳನೇ ತಿಂಗಳಿಗೆ ಆ ನಗು ನಿಂತಿತು. ಎತ್ತಿಕೊಂಡರೆ ತಲೆ ನನ್ನ ಹೆಗಲಿಗೆ ಬಿದ್ದು ಅಲ್ಲೇ ಉಳಿಯುತ್ತಿತ್ತು. ಹಸಿವಾದರೂ ಅಳುತ್ತಿರಲಿಲ್ಲ. ನನಗೆ ಹೆದರಿಕೆಯಾಯಿತು. ಗದಗಿನ ಮಕ್ಕಳ ಡಾಕ್ಟರರ ಬಳಿ ಓಡಿದೆವು. ಏನು ಉಣ್ಣುತ್ತೀರಿ ಎಂದು ಅವರು ಕೇಳಿದ್ದು ಸುಮಾಳನ್ನು, ಉತ್ತರ ಕೊಟ್ಟವನು ನಾನು. ಇಬ್ಬರೂ ಹಾಲು ಬಿಟ್ಟು ವರ್ಷದ ಮೇಲಾಯಿತು ಎಂದು ಆ ಹೊತ್ತಿನಲ್ಲೂ ಹೆಮ್ಮೆಯಿಂದಲೇ ಹೇಳಿದೆ. ಹಾಗಿದ್ದರೆ ನಿಮ್ಮದೂ ನೋಡೋಣ ಎಂದು ಅವರು ಮೂವರ ರಕ್ತವನ್ನೂ ತೆಗೆಸಿ ಹುಬ್ಬಳ್ಳಿಗೆ ಕಳಿಸಿದರು. ಕೂಸಿಗೆ ಅಂದೇ ಇಂಜೆಕ್ಷನ್ ಶುರುವಾಯಿತು.

ಮೂರು ದಿನದ ಮೇಲೆ ಕಾಗದಗಳು ಬಂದವು. ರೊಟ್ಟಿ, ಬೇಳೆ, ಸೊಪ್ಪು ಯಾವುದರಲ್ಲೂ ಸಿಗದ ಬಿ-ಹನ್ನೆರಡು ಎಂಬ ಜೀವಸತ್ವವೊಂದಿದೆ, ತಾಯಿಯಲ್ಲಿ ಅದು ಬತ್ತಿದರೆ ಎದೆಹಾಲಿನಲ್ಲೂ ಬತ್ತುತ್ತದೆ, ಕೂಸಿನ ನರ ಸೋಲುತ್ತವೆ ಎಂದು ಡಾಕ್ಟರರು ತಿಳಿಸಿದರು. ಹಾಲು ಬಿಟ್ಟದ್ದು ತಪ್ಪಲ್ಲ, ಬಿಟ್ಟವರು ಅದಕ್ಕೆಂದೇ ಇರುವ ಗುಳಿಗೆ ತಪ್ಪದೆ ತೆಗೆದುಕೊಳ್ಳಬೇಕು, ಬಸುರಿ ಬಾಣಂತಿಯರಂತೂ ಡಾಕ್ಟರರನ್ನು ಕೇಳದೆ ಹೀಗೆ ಮಾಡಲೇಬಾರದು ಎಂದರು. ಆಮೇಲೆ ನನ್ನ ಕಾಗದ ತಿರುವಿ, “ಮಾಸ್ತರ, ನಿಮ್ದು ಭಾಳ ಚಲೋ ಐತಲ್ರಿ. ನೀವು ಖರೇನ ಹಾಲು ಬಿಟ್ಟೀರೇನು?” ಎಂದು ಕೇಳಿದರು. ಚಹಾ ಮಾತ್ರ ಕುಡಿಯುತ್ತೇನೆ ಎಂದೆ. ಅವರು ಕಾಗದದ ಮೇಲೆ ಬೆರಳಿಟ್ಟು ಮತ್ತೆ ಕೇಳಿದಾಗ ಗಜೇಂದ್ರಗಡದ ಮೊಸರೂ ಹೊರಗೆ ಬಂತು.

ಸುಮಾ ಕೂಸಿನ ತಲೆಯನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು. ದನಿ ಏರಿಸಲಿಲ್ಲ. “ಆಣಿ ಮುರದ್ರ ನೀವು ಉಳಿಯಂಗಿಲ್ಲ ಅಂತ ನಾ ಹೆದರಿದ್ದೆ. ನೀವು ದಿನಾ ಮುರದೀರಿ. ಚಲೋನ ಅದೀರಿ” ಅಂದಳು. ಆ ಕೋಣೆಯಲ್ಲಿ ನನ್ನ ಆರೋಗ್ಯಕ್ಕಿಂತ ನಾಚಿಕೆಗೇಡಿನ ವಸ್ತು ಬೇರೊಂದಿರಲಿಲ್ಲ.

ವಾರದೊಳಗೆ ಕೂಸು ನಕ್ಕಿತು. ಆದರೆ ನಡೆಯಲು ಎರಡು ವರ್ಷ ದಾಟಿತು, ಮಾತು ಇನ್ನೂ ತಡವಾಯಿತು. ಈಗ ಒಂದನೇ ಇಯತ್ತೆಯಲ್ಲಿರುವ ಅವಳಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ. ಇದು ಅದರಿಂದಲೋ, ಅಪ್ಪನ ಗುಣವೋ, ಡಾಕ್ಟರರಿಗೂ ಹೇಳಲಾಗುವುದಿಲ್ಲ. ನಾನು ಮಾತ್ರ ಅವಳ ಪಾಟಿಯ ಮೇಲಿನ ಪ್ರತಿ ತಪ್ಪನ್ನೂ ನನ್ನದೇ ಎಂದು ಓದುತ್ತೇನೆ. ಸಂಜೆ ಸುಮಾ ಮಗಳಿಗೊಂದು, ತನಗೊಂದು ಲೋಟ ಹಾಲು ಕಾಸಿ, ನನ್ನ ಮುಂದೆ ಕರಿ ಚಹಾ ಇಟ್ಟು ಹೋಗುತ್ತಾಳೆ. ಇಷ್ಟು ವರ್ಷವಾದರೂ ಹಾಲು ಕುಡಿಯಬೇಡಿರೆಂದು ಅವಳು ನನಗೆ ಆಣೆ ಹಾಕಿಲ್ಲ. ನಾನು ಆಣೆ ಉಳಿಸಿಕೊಳ್ಳುವವನಲ್ಲ ಎಂದು ಅವಳಿಗೆ ಗೊತ್ತು. ಅದಕ್ಕೇ ಹಾಲಿನ ಪಾತ್ರೆಯನ್ನು ನನ್ನ ಕೈಗೆ ಸಿಗದಂತೆ ಎತ್ತಿಡುತ್ತಾಳೆ.