ಮೇಸ್ತ್ರಿಯ ಮೂಗು

ಒಲೆಯಿಲ್ಲ, ಬಾಣಲೆಯಿಲ್ಲ, ಕೀಲಿ ತಿರುವಿದರೆ ಶೇಂಗಾ ಹುರಿಯುತ್ತದೆ. ಏನದು?

ಬಿಡಿ, ನಿಮಗೆ ಹೊಳೆಯೋದಿಲ್ಲ. ಹೊಳಲ್ಕೆರೆಯ ನಮ್ಮ ಗ್ಯಾರೇಜಿಗೆ ಬರುತ್ತಿದ್ದ ಕಾರುಗಳೇ ಹಂಗೆ. ಓಡೋದರಲ್ಲಿ ಎಲ್ಲಾ ಸರಿ, ಸ್ಟಾರ್ಟ್ ಮಾಡಿದರೆ ಏನೋ ಒಂದು ನಾತ. ನಮ್ಮ ಮೇಸ್ತ್ರಿ ಮೂಸಿಯೇ ರೋಗ ಹೇಳುತ್ತಾರೆ ಅಂತ ಹಿರಿಯೂರು, ಹೊಸದುರ್ಗದ ತನಕ ಹೆಸರಿತ್ತು. ಗಾಡಿ ಹಿಂದಿನ ದಿನವೇ ತಂದು ಬಿಡಬೇಕು. ರಾತ್ರಿಯೆಲ್ಲಾ ತಣ್ಣಗಾಗಬೇಕು. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಮೇಸ್ತ್ರಿ ಬಾನೆಟ್ಟಿನೊಳಗೆ ತಲೆ ಹಾಕಿ ಕಣ್ಣು ಅರೆಮುಚ್ಚುತ್ತಿದ್ದರು. ಅಷ್ಟು ಹೊತ್ತು ಯಾರೂ ಬೀಡಿ ಸೇದಂಗಿಲ್ಲ, ಮಾತಾಡಂಗಿಲ್ಲ, ಕಾರಿನ ಟೇಪ್‌ರೆಕಾರ್ಡರ್ ಕೂಡ ಹಾಡಂಗಿಲ್ಲ. ನಾನು ಎಂಟನೇ ಕ್ಲಾಸನ್ನು ಎರಡು ಸಲ ಓದಿ, ಸಾಕಾಗಿ, ಅವರ ಹತ್ತಿರ ಸ್ಪ್ಯಾನರ್ ಹಿಡಿದವನು.

ಶೇಂಗಾ ಗಾಡಿ

ಹೊರಕೆರೆದೇವಪುರದ ಟ್ಯಾಕ್ಸಿ. ಕೀಲಿ ತಿರುವಿ ಐದು ನಿಮಿಷಕ್ಕೆ ಹುರಿದ ಶೇಂಗಾ ವಾಸನೆ. ಡ್ರೈವರಣ್ಣನಿಗೂ ನನಗೂ ಬಾಯಲ್ಲಿ ನೀರು. ಮೇಸ್ತ್ರಿ ಮೂಸಿ, "ವೈರ್ ಸುಡ್ತೈತೆ" ಅಂದರು. ಮಧ್ಯಾಹ್ನದ ತನಕ ಇದ್ದಬದ್ದ ವೈರೆಲ್ಲಾ ಬಿಚ್ಚಿದರು. ನೋಡಿದರೆ, ಸೈಲೆನ್ಸರ್ ಪೈಪು ಇಂಜಿನ್ನಿಗೆ ಸೇರುವ ಜಾಗದ ಮೇಲೆ ಇಲಿಯೊಂದು ಎರಡು ಬೊಗಸೆ ಶೇಂಗಾ ಕೂಡಿಟ್ಟಿತ್ತು. ಕಂಡುಹಿಡಿದವನು ನಾನು. ಹೇಳಿದ್ದು ಮಾತ್ರ ತಿಂದು ಮುಗಿಸಿದ ಮೇಲೆ.

ಒಣಮೀನು

ಶೇಂಗಾ ವಾಸನೆಗೆ ವೈರ್ ಅಂದದ್ದು ತಲೆಯಲ್ಲಿ ಕೊರೆಯುತ್ತಿತ್ತು. ಪರೀಕ್ಷೆ ಮಾಡಾಣ ಅಂತ, ಭರಮಸಾಗರದ ಬಟ್ಟೆ ಅಂಗಡಿ ಸಾಹುಕಾರರ ಕಾರಿನ ಅದೇ ಜಾಗಕ್ಕೆ ಸಂತೆಯ ಒಣಮೀನು ಸಿಕ್ಕಿಸಿದೆ. ಸಾಹುಕಾರರು ಈರುಳ್ಳಿ ಕೂಡ ಮುಟ್ಟದವರು. ಸ್ಟಾರ್ಟ್ ಮಾಡಿ, ಟವೆಲ್ಲು ಮೂಗಿಗೆ ಒತ್ತಿಕೊಂಡು ರಸ್ತೆಯ ಆಚೆ ಹೋಗಿ ನಿಂತರು. ಎರಡು ಬೀದಿನಾಯಿ ಬಂದು ಬಾನೆಟ್ಟು ನೋಡುತ್ತ ಕುಂತವು. ಮೇಸ್ತ್ರಿ ಆ ಹೊಗೆಯೊಳಗೆ ಮುಖವಿಟ್ಟು, ಉದ್ದಕ್ಕೆ ಉಸಿರೆಳೆದು, "ಫ್ಯಾನ್ ಬೆಲ್ಟು" ಅಂದರು.

ಎಲ್ಲರೂ ಹೋದ ಮೇಲೆ ಕೇಳಿದೆ, "ಯಾವಾಗಿಂದ ಮೇಸ್ತ್ರಿ?"

"ಬ್ಯಾಟ್ರಿ ಸಿಡಿದು ಆಸಿಡ್ ಹೊಗೆ ಕುಡಿದೆನಲ್ಲ, ಅವತ್ತಿಂದ. ಯಾರಿಗೂ ಅನ್ನಬ್ಯಾಡ ಕಣಲೇ. ಮೂಗು ಹೋತು ಅಂತ ಗೊತ್ತಾದ್ರೆ ನನ್ನ ಹತ್ರ ಯಾರು ಗಾಡಿ ತರ್ತಾರೆ? ಈ ವಯಸ್ಸಿಗೆ ಇನ್ನೇನು ಕಲೀಲಿ?"

"ಮನೇಲಿ ಅಕ್ಕಂಗೂ ಗೊತ್ತಿಲ್ವಾ?"

"ಹಳಸಿದ ಸಾರು ಇಕ್ಕಿದ್ರೂ ಚೆನ್ನಾಗೈತೆ ಅಂತ ಉಣ್ತೀನಿ. ಮದುವೆ ಆದಾಗಿಂದ ಈಗ್ಲೇ ಅವಳಿಗೆ ನನ್ಮೇಲೆ ಪ್ರೀತಿ ಬಂದಿರೋದು."

ಕೆರೆತದ ಲೆಕ್ಕ

ಅವತ್ತಿಂದ ಅವರ ಮೂಗು ನಾನು. ಅವರು ತಲೆ ಹಾಕಿದಾಗ ಎದುರಿಗೆ ನಿಂತು ಕೆರೆದುಕೊಳ್ಳುತ್ತಿದ್ದೆ. ಕಿವಿ ಕೆರೆದರೆ ಬ್ಯಾಟರಿ, ಹೊಟ್ಟೆ ಕೆರೆದರೆ ಆಯಿಲ್ಲು, ಮೂಗು ಕೆರೆದರೆ ಪೆಟ್ರೋಲು. ಆದರೆ ಸುಮ್ಮನಿರೋ ಜಾಯಮಾನ ನನ್ನದಲ್ಲವಲ್ಲ. ಹೊಸದುರ್ಗದ ಕಂಪೌಂಡರ್ ಒಬ್ಬರ ಕಾರಿನಲ್ಲಿ ಆಯಿಲ್ ಸುಡುತ್ತಿದ್ದರೆ ಬೇಕಂತಲೇ ಕಿವಿ ಕೆರೆದೆ. ಮೇಸ್ತ್ರಿ ಬ್ಯಾಟರಿ ಕಿತ್ತರು.

"ನಿನ್ನೆ ಹಾಕ್ಸಿದ ಹೊಸಾ ಬ್ಯಾಟ್ರಿ ಅಲ್ರೀ ಅದು?" ಅಂದರು ಕಂಪೌಂಡರ್.

"ಹೊಸಾದಕ್ಕೇ ದೃಷ್ಟಿ ಜಾಸ್ತಿ ಸ್ವಾಮಿ."

ಸಂಜೆ ಮೇಸ್ತ್ರಿ ನನ್ನ ಕಿವಿ ಹಿಂಡಿದರು. ಮರುವಾರ ಇನ್ನೊಂದು ಗಾಡಿಗೆ ಸುಮ್ಮಸುಮ್ಮನೆ ಮೂಗು ಕೆರೆದು ಇಡೀ ಕಾರ್ಬೊರೇಟರ್ ಬಿಚ್ಚಿಸಿದೆ. ಆಮೇಲೆ ಕಿವಿ ಹಿಂಡೋದನ್ನೂ ಬಿಟ್ಟರು. ನಾನು ಕೆರೆದುಕೊಂಡರೆ ಮೊದಲು ನನ್ನ ಮುಖ ನೋಡುತ್ತಿದ್ದರು, ನಗ್ತಾನೋ ಹೆಂಗೆ ಅಂತ. ನನ್ನದೋ, ಹುಟ್ಟಿದಾಗಿಂದ ನಗೋ ಮುಖ.

ಆದಿವಾಲದವರ ಕರ್ಪೂರ

ಒಂದು ಶುಕ್ರವಾರ. ಹಿರಿಯೂರು ಕಡೆಯ ಆದಿವಾಲದವರೊಬ್ಬರ ಕಾರಿನ ಕಾರ್ಬೊರೇಟರ್ ತೊಳೆದು ಕೂರಿಸಿದ್ದೆವು. ರಿಪೇರಿಯಾದ ಗಾಡಿಗೆ ಪೂಜೆ ಮಾಡದೆ ನಮ್ಮ ಕಡೆ ಕೀಲಿ ಮುಟ್ಟೋದಿಲ್ಲ. ಬೀಡಿಗೆ ಬೈಯುವ ಮೇಸ್ತ್ರಿ ಕರ್ಪೂರಕ್ಕೆ ಏನೂ ಅನ್ನರು, ಅದು ದೇವರದಲ್ಲವೇ. ನಾಲ್ಕು ಗಾಲಿಗೆ ನಿಂಬೆಹಣ್ಣು ಇಟ್ಟು, ಬಾನೆಟ್ಟು ಎತ್ತಿ ಇಂಜಿನ್ನಿಗೆ ಕುಂಕುಮ ಹಚ್ಚಿದರು. ಮಾಲೀಕರು ಕರ್ಪೂರದ ತಟ್ಟೆ ಹಿಡಿದು, "ಮೇಸ್ತ್ರಿ, ನೀವೇ ಹಚ್ಚಿ ಬೆಳಗ್ರಿ" ಅಂದರು.

ಘಮ್ಮಂತ ಪೆಟ್ರೋಲ್ ವಾಸನೆ ಬಂತು. ಗ್ಯಾರೇಜು ಅಂದಮೇಲೆ ಇದ್ದದ್ದೇ ಅಂತ ಉಳಿದವರು ಸುಮ್ಮನಿದ್ದರು. ಪೈಪಿನ ಕ್ಲಿಪ್ಪು ಬಿಗಿ ಮಾಡಬೇಕಾದವನು ನಾನೇ. ಮೂಗು ಕೆರೆದೆ. ಮೇಸ್ತ್ರಿ ನನ್ನ ಮುಖ ನೋಡಿದರು, ನಕ್ಕರು, ಬೆಂಕಿಪೊಟ್ಟಣ ತೆಗೆದರು. ಮತ್ತೆ ಕೆರೆದೆ. ಬಾಯಿಬಿಟ್ಟರೆ, ಮೂಸೋ ಮೇಸ್ತ್ರಿಗೆ ಯಾಕೆ ತಿಳೀಲಿಲ್ಲ ಅಂತ ಕೇಳುತ್ತಾರೆ, ಅಂಗಡಿ ಹೋಗುತ್ತದೆ. ಬಿಡದಿದ್ದರೆ ಮೇಸ್ತ್ರಿಯೇ ಹೋಗುತ್ತಾರೆ. ಕೂಗಿಬಿಟ್ಟೆ.

"ಹಚ್ಚಬ್ಯಾಡ್ರಿ, ಪೆಟ್ರೋಲ್ ಸೋರ್ತೈತೆ. ಮೇಸ್ತ್ರಿಗೆ ವಾಸ್ನೆ ಗೊತ್ತಾಗಲ್ಲ."

ಮಾಲೀಕರು ತಟ್ಟೆ ಕೆಳಗಿಟ್ಟು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೇಳಿದರು: "ಅದು ಹಿರಿಯೂರಿಗೆಲ್ಲಾ ಗೊತ್ತೈತೆ ಕಣಪ್ಪ. ನಾವು ಗಾಡಿ ತರೋದೇ ನೀನು ಎಲ್ಲಿ ಕೆರ್ಕಂತೀಯ ನೋಡಾಕೆ. ಮೇಸ್ತ್ರಿ ಬ್ಯಾಸರ ಮಾಡ್ಕಂತಾರೆ ಅಂತ ಯಾರೂ ಬಾಯಿಬಿಡಲ್ಲ, ಅಷ್ಟೇಯ."

ಮೇಸ್ತ್ರಿ ಸಮೇತ ಎಲ್ಲರೂ ಬಿದ್ದು ಬಿದ್ದು ನಕ್ಕರು.

ಈ ಕೊನೆ ನಾನು ಕಟ್ಟಿದ್ದು. ಆದಿವಾಲದವರು ಹಂಗೇನೂ ಅನ್ನಲಿಲ್ಲ, ಯಾಕಂದರೆ ನಾನು ಕೂಗಲೇ ಇಲ್ಲ. ಬೆಂಕಿ ನೆಗೆಯುವ ತನಕ ಮೂಗು ಕೆರೆಯುತ್ತ ನಿಂತಿದ್ದೆ. ಮೇಸ್ತ್ರಿಯ ಕೈ ಎರಡೂ ಸುಟ್ಟು ಅಂಗಡಿ ಮುಚ್ಚಿತು. ಮೂಗಿನ ಗುಟ್ಟು ಮಾತ್ರ ಇವತ್ತಿಗೂ ಊರಲ್ಲಿ ಯಾರಿಗೂ ಗೊತ್ತಿಲ್ಲ.